ಕಡತದಲ್ಲಿದ್ದ ತಾರೀಖುಗಳು: ಗೂಂಡಾ ಕಾಯ್ದೆಯ ಬಂಧನವನ್ನು ನಾವು ಪ್ರಶ್ನಿಸಿದ್ದು ಹೀಗೆ

ಗೂಂಡಾ ಕಾಯ್ದೆಯಡಿ ಒಬ್ಬನನ್ನು ಒಂದು ವರ್ಷದವರೆಗೆ ಜೈಲಿನಲ್ಲಿಡಲು ಅವನ ಮೇಲಿನ ಒಂದು ಆರೋಪವೂ ಸಾಬೀತಾಗಬೇಕಿಲ್ಲ. ಸಾಕ್ಷಿಗಳ ವಿಚಾರಣೆ ಇಲ್ಲ, ಪಾಟೀಸವಾಲು ಇಲ್ಲ, ಜಾಮೀನು ಕೇಳಲು ಜಾಗವಿಲ್ಲ. ಇವನು ಹೊರಗಿದ್ದರೆ ಸಾರ್ವಜನಿಕ ಸುವ್ಯವಸ್ಥೆ ಕೆಡುತ್ತದೆ ಎಂದು ಜಿಲ್ಲಾಧಿಕಾರಿಗೋ ಪೊಲೀಸ್ ಕಮಿಷನರಿಗೋ ಮನವರಿಕೆಯಾದರೆ ಆದೇಶ ಹೊರಡುತ್ತದೆ. 1985ರ ಈ ಕರ್ನಾಟಕ ಕಾಯ್ದೆಯ ಪೂರ್ತಿ ಹೆಸರಿನಲ್ಲಿ ಕಳ್ಳಬಟ್ಟಿಯವರು, ಮಾದಕವಸ್ತು ಅಪರಾಧಿಗಳು, ಜೂಜುಕೋರರು, ಕೊಳೆಗೇರಿ ಜಾಗ ಕಬಳಿಸುವವರು, ಆಡಿಯೊ-ವಿಡಿಯೊ ಕಳ್ಳನಕಲು ಮಾಡುವವರು ಎಲ್ಲರೂ ಇದ್ದಾರೆ. ಜನರ ಬಾಯಲ್ಲಿ ಉಳಿದದ್ದು ಮಾತ್ರ ಗೂಂಡಾ ಕಾಯ್ದೆ ಎಂದು.

ನಾನು ಹೈಕೋರ್ಟಿನ ಧಾರವಾಡ ಪೀಠದಲ್ಲಿ ಕ್ರಿಮಿನಲ್ ಕೆಲಸ ಮಾಡುವ ವಕೀಲ. ಇಂಥ ಬಂಧನಗಳ ವಿರುದ್ಧ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸಿ ಬಿಡುಗಡೆ ಕೇಳುವ ಅರ್ಜಿ, ಹಾಕುವುದು ನನ್ನ ಕೆಲಸದ ಒಂದು ಭಾಗ. ಅವುಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮುಂದೆ ಇನ್ನೊಬ್ಬ ತಾಯಿಯೋ ಹೆಂಡತಿಯೋ ಇದೇ ಕಾಗದ ಹಿಡಿದು ನಿಂತಾಗ ಅವರಿಗೂ ಅವರ ಊರಿನ ವಕೀಲರಿಗೂ ಉಪಯೋಗವಾಗಲಿ ಎಂಬುದೇ ಉದ್ದೇಶ.

ಹುಡುಗ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದ. ಅವನ ಮೇಲೆ ಕೇಸುಗಳಿದ್ದದ್ದು ನಿಜ: ಓಣಿಯ ಜಗಳ, ಹಲ್ಲೆ, ಬೆದರಿಕೆ. ಒಂದೆರಡರಲ್ಲಿ ಖುಲಾಸೆಯಾಗಿತ್ತು, ಉಳಿದವುಗಳಲ್ಲಿ ಜಾಮೀನಿನ ಮೇಲಿದ್ದ. ಠಾಣೆಯಲ್ಲಿ ರೌಡಿ ಶೀಟ್ ಇತ್ತು. ಕೊನೆಯ ಕೇಸಿನಲ್ಲಿ ಜಾಮೀನು ಸಿಕ್ಕು ಮನೆಗೆ ಬಂದವನನ್ನು ಕೆಲವು ವಾರಗಳ ನಂತರ ಮತ್ತೆ ಕರೆದೊಯ್ದು ಬೇರೆ ಜಿಲ್ಲೆಯ ಜೈಲಿಗೆ ಹಾಕಿದರು. "ಸಾಹೇಬ್ರ, ಕೋರ್ಟ್ ಬಿಟ್ಟೈತಿ, ಇವ್ರು ಯಾಕ ಹಿಡದ್ರು? ಹೊಸಾ ಕೇಸ್ ಏನೈತ್ರಿ?" ಎಂದು ಅವನ ತಾಯಿ ಕೇಳಿದರು. ಹೊಸ ಕೇಸು ಯಾವುದೂ ಇರಲಿಲ್ಲ. "ಯವ್ವಾ, ಇದು ಆಗಿದ್ದಕ್ಕ ಹಿಡದದ್ದಲ್ಲ, ಮುಂದ ಆದೀತು ಅಂತ ಹಿಡದದ್ದು" ಎಂದೆ. ಅವರಿಗೆ ಆ ಉತ್ತರ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ನನಗೂ ಇಷ್ಟು ವರ್ಷಗಳ ನಂತರವೂ ಒಪ್ಪಿಗೆಯಾಗಿಲ್ಲ.

ಇಂಥ ಅರ್ಜಿಯಲ್ಲಿ ಹುಡುಗ ಒಳ್ಳೆಯವನೋ ಕೆಟ್ಟವನೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಅಧಿಕಾರಿಯ ಮನವರಿಕೆ ಸರಿಯೋ ತಪ್ಪೋ ಎಂದು ಹೈಕೋರ್ಟ್ ಮೇಲ್ಮನವಿಯಂತೆ ಕೂತು ತೂಗುವುದೂ ಇಲ್ಲ. ಸಂವಿಧಾನ ಹಾಕಿದ ಗಡುವುಗಳು, ಕೊಡಲೇಬೇಕಾದ ಕಾಗದಗಳು, ಉತ್ತರಿಸಲೇಬೇಕಾದ ಮನವಿ, ಇವು ನಡೆದಿವೆಯೇ ಎಂದು ನೋಡುತ್ತದೆ. 22ನೇ ವಿಧಿಯ 5ನೇ ಖಂಡದ ಪ್ರಕಾರ ಬಂಧನದ ಕಾರಣಗಳನ್ನು ಆದಷ್ಟು ಬೇಗ ತಿಳಿಸಬೇಕು, ಬಂಧನದ ವಿರುದ್ಧ ಮನವಿ ಸಲ್ಲಿಸಲು ಬಂಧಿತನಿಗೆ ಆದಷ್ಟು ಬೇಗ ಅವಕಾಶ ಕೊಡಬೇಕು. ನಮ್ಮ ಕಾಯ್ದೆ ಇದಕ್ಕೆ ದಿನಗಳನ್ನೇ ಕಟ್ಟಿದೆ: ಕಾರಣಗಳನ್ನು 5 ದಿನದೊಳಗೆ ಕೊಡಬೇಕು, ಜಿಲ್ಲಾಧಿಕಾರಿಯ ಆದೇಶಕ್ಕೆ 12 ದಿನದೊಳಗೆ ಸರ್ಕಾರ ಒಪ್ಪಿಗೆ ನೀಡದಿದ್ದರೆ ಅದು ಬಿದ್ದುಹೋಗುತ್ತದೆ, 3 ವಾರದೊಳಗೆ ವಿಷಯ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ಹೋಗಬೇಕು, ಬಂಧನವಾದ 7 ವಾರದೊಳಗೆ ಮಂಡಳಿ ವರದಿ ಕೊಡಬೇಕು. ಹಾಗಾಗಿ ವಕಾಲತ್ತು ತೆಗೆದುಕೊಂಡ ಮೇಲೆ ನನ್ನ ಮೊದಲ ಕೆಲಸ ಒಂದು ಉದ್ದ ಹಾಳೆಯ ಮೇಲೆ ತಾರೀಖುಗಳನ್ನು ಇಳಿಸುವುದು. ಕೊನೆಯ ಕೇಸು ಯಾವಾಗ, ಜಾಮೀನು ಯಾವಾಗ, ಪೊಲೀಸರ ಪ್ರಸ್ತಾವ ಯಾವಾಗ, ಆದೇಶ ಯಾವಾಗ, ಜಾರಿಯಾದದ್ದು ಯಾವಾಗ, ಕಾಗದ ಕೈಗೆ ಕೊಟ್ಟದ್ದು ಯಾವಾಗ. ಗೊತ್ತಿಲ್ಲದ ಕಡೆ ಖಾಲಿ ಬಿಡುತ್ತೇನೆ. ಆ ಖಾಲಿ ಜಾಗಗಳನ್ನು ಸರ್ಕಾರವೇ ತುಂಬಬೇಕು.

ಇಂಥ ಆದೇಶ ರದ್ದಾದಾಗಲೆಲ್ಲ "ತಾಂತ್ರಿಕ ಕಾರಣಕ್ಕೆ ಬಿಡುಗಡೆ" ಎಂದು ಪತ್ರಿಕೆಗಳು ಬರೆಯುತ್ತವೆ. ಆ ಮಾತನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ವಿಚಾರಣೆಯನ್ನು ಕಿತ್ತುಕೊಂಡು ಅದರ ಬದಲಿಗೆ ಕೊಟ್ಟಿರುವುದೇ ಈ ನಾಲ್ಕು ನಿಯಮಗಳು. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಈಗಿನ 22ನೇ ವಿಧಿಯನ್ನು ಸಂವಿಧಾನ ಸಭೆಯ ಮುಂದಿಟ್ಟದ್ದೂ ಜೀವ ಮತ್ತು ಸ್ವಾತಂತ್ರ್ಯದ ವಿಧಿಯಲ್ಲಿ ಬಿಟ್ಟುಹೋದದ್ದನ್ನು ಸ್ವಲ್ಪವಾದರೂ ತುಂಬಿಕೊಡಲೆಂದು. ಅದನ್ನೂ ಪಾಲಿಸದಿದ್ದರೆ ಬಂಧಿತನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಜೈಲಿನಲ್ಲಿ ಅವನನ್ನು ಭೇಟಿಯಾದಾಗ ಅವನ ಬಳಿ ದಪ್ಪನೆಯ ಕಟ್ಟು ಇತ್ತು. ಆದೇಶ ಮತ್ತು ಕಾರಣಗಳು ಕನ್ನಡದಲ್ಲಿದ್ದವು. ಅವುಗಳಿಗೆ ಆಧಾರವೆಂದು ಲಗತ್ತಿಸಿದ ಜಾಮೀನು ಆದೇಶಗಳು, ಗಾಯದ ವೈದ್ಯಕೀಯ ಪ್ರಮಾಣಪತ್ರಗಳು ಇಂಗ್ಲಿಷಿನಲ್ಲಿದ್ದವು. ಹಲವು ಪುಟಗಳು ಜೆರಾಕ್ಸಿನ ಮೇಲೆ ಜೆರಾಕ್ಸ್ ಆಗಿ ಅಕ್ಷರವೇ ಕಾಣದಂತಿದ್ದವು. ಅವನು ಓದಿದ್ದು ಏಳನೇ ಇಯತ್ತೆ, ಕನ್ನಡ ಶಾಲೆಯಲ್ಲಿ. "ಏನೋ ಓದಿ ಹೇಳಿದ್ರು ಸರ್, ಸಹಿ ಮಾಡಂದ್ರು, ಮಾಡಿದ್ನಿ" ಎಂದ. ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕು, ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹರಿಕಿಶನ್ ಪ್ರಕರಣದಲ್ಲಿ ಹೇಳಿದೆ. ಯಾವ ಪುಟ ಇಂಗ್ಲಿಷಿನಲ್ಲಿದೆ, ಯಾವುದು ಓದಲು ಬರುವುದಿಲ್ಲ ಎಂದು ಪುಟಸಂಖ್ಯೆ ಸಮೇತ ಬರೆದುಕೊಂಡೆ. "ಕೆಲವು ದಾಖಲೆಗಳು ಅಸ್ಪಷ್ಟ" ಎಂಬ ಸಾಲು ಅರ್ಜಿಯಲ್ಲಿದ್ದರೆ ಯಾವ ಪೀಠವೂ ಅದಕ್ಕೆ ಬೆಲೆ ಕೊಡುವುದಿಲ್ಲ. ಇಂಥ ಪುಟ, ಇಂಥ ದಾಖಲೆ, ಆದೇಶದ ಇಂಥ ಪ್ಯಾರಾಕ್ಕೆ ಅದೇ ಆಧಾರ ಎಂದು ತೋರಿಸಿದರೆ ನ್ಯಾಯಮೂರ್ತಿಗಳೇ ಆ ಪುಟ ತಿರುವಿ ನೋಡುತ್ತಾರೆ.

ಕೂಡಲೇ ಹೈಕೋರ್ಟಿಗೆ ಹೋಗೋಣ ಎಂದು ಮನೆಯವರು ಅವಸರ ಮಾಡಿದರು. ನಾನು ಮೊದಲು ಮನವಿ ಬರೆಸಿದೆ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಬಂಧಿತನ ಮನವಿಯನ್ನು ವಿಳಂಬವಿಲ್ಲದೆ ಪರಿಶೀಲಿಸುವುದು ಸರ್ಕಾರದ ಸಾಂವಿಧಾನಿಕ ಕರ್ತವ್ಯ. ಸಲಹಾ ಮಂಡಳಿ ನೋಡುತ್ತದಲ್ಲ ಎಂದು ಸರ್ಕಾರ ಕೈಕಟ್ಟಿ ಕೂರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಜಯನಾರಾಯಣ ಸುಕುಲ್ ಪ್ರಕರಣ ಸ್ಪಷ್ಟಪಡಿಸಿದೆ. ಆದೇಶ ಹೊರಡಿಸಿದ ಅಧಿಕಾರಿಗೂ, ಸರ್ಕಾರ ಒಪ್ಪಿಗೆ ನೀಡುವ ಮೊದಲು, ಮನವಿ ಸಲ್ಲಿಸುವ ಹಕ್ಕು ಬಂಧಿತನಿಗಿದೆ. ಆ ಹಕ್ಕನ್ನು ಅವನಿಗೆ ತಿಳಿಸದಿದ್ದರೆ ಆದೇಶ ನಿಲ್ಲುವುದಿಲ್ಲ. ಮಹಾರಾಷ್ಟ್ರದ ಇಂಥದ್ದೇ ಕಾಯ್ದೆಯ ಬಗ್ಗೆ 2000ದಲ್ಲಿ ಸಂತೋಷ್ ಶಂಕರ್ ಆಚಾರ್ಯ ಪ್ರಕರಣದಲ್ಲಿ ಈ ತೀರ್ಪು ಬಂದಿದೆ. ಮನವಿಯೇ ಹೋಗದಿದ್ದರೆ ವಿಳಂಬದ ಪ್ರಶ್ನೆಯೇ ಹುಟ್ಟುವುದಿಲ್ಲ.

ಮನವಿಯನ್ನು ಸಾದಾ ಕನ್ನಡದಲ್ಲಿ ಬರೆದೆವು. ಖುಲಾಸೆಯಾದ ಕೇಸುಗಳ ಪಟ್ಟಿ, ಜಾಮೀನಿನ ಷರತ್ತು ಒಮ್ಮೆಯೂ ಮುರಿದಿಲ್ಲ ಎಂಬ ಮಾತು, ಓದಲಾಗದ ಪುಟಗಳ ಸಂಖ್ಯೆ, ಅವುಗಳ ಕನ್ನಡ ಪ್ರತಿ ಕೊಡಿ ಎಂಬ ಬೇಡಿಕೆ, ಇಷ್ಟೇ. ಜಿಲ್ಲಾಧಿಕಾರಿಗೆ, ಸರ್ಕಾರಕ್ಕೆ, ಸಲಹಾ ಮಂಡಳಿಗೆ ಬೇರೆ ಬೇರೆ ಪ್ರತಿ. ಮೂರಕ್ಕೂ ಅವನ ಸಹಿ ಹಾಕಿಸಿ ಜೈಲಿನ ಮೂಲಕ ಸಲ್ಲಿಸಿ, ಪಡೆದುಕೊಂಡ ಬಗ್ಗೆ ಸೀಲು ಹಾಕಿಸಿಕೊಂಡೆವು. ಅದೇ ದಿನ ತಾಯಿಯ ಹೆಸರಿನಲ್ಲಿ ಅವೇ ಪ್ರತಿಗಳು ಸ್ಪೀಡ್ ಪೋಸ್ಟಿನಲ್ಲೂ ಹೋದವು. ಇದು ಅತಿಯಾದ ಎಚ್ಚರಿಕೆ ಎಂದು ಅನಿಸಬಹುದು. ಜೈಲಿನಿಂದ ಸಾದಾ ಅಂಚೆಯಲ್ಲಿ ಕಳಿಸಿದ ಮನವಿ ತಲುಪಬೇಕಾದಲ್ಲಿಗೆ ತಲುಪದೇ ಹೋದ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2024ರಲ್ಲಿ ಬಂಧನ ಆದೇಶವೇ ರದ್ದಾಗಿದೆ.

ಸಲಹಾ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿಲ್ಲ. ಸರ್ಕಾರದ ಪರವಾಗಿ ವಕೀಲರೋ ಕಾನೂನು ಸಲಹೆಗಾರರೋ ಬಂದರೆ ಬಂಧಿತನಿಗೂ ಆ ಅವಕಾಶ ಕೊಡಬೇಕು, ವಕೀಲನಲ್ಲದ ಒಬ್ಬ ಸ್ನೇಹಿತನ ನೆರವನ್ನೂ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ ಎ.ಕೆ. ರಾಯ್ ಪ್ರಕರಣದಲ್ಲಿ ಹೇಳಿದೆ. ಅವನಿಗೆ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟು ಜೋರಾಗಿ ಓದುವುದನ್ನು ರೂಢಿ ಮಾಡಿಸಿದೆ. ಬಂಧನಕ್ಕೆ ಸಾಕಷ್ಟು ಕಾರಣವಿದೆ ಎಂದೇ ಮಂಡಳಿ ಅಭಿಪ್ರಾಯಪಟ್ಟಿತು, ಸರ್ಕಾರ ಆದೇಶವನ್ನು ಖಾಯಂಗೊಳಿಸಿತು. ಸಲಹಾ ಮಂಡಳಿಗಳು ಬರೀ ಮುದ್ರೆ ಒತ್ತುವ ಜಾಗವಾಗಬಾರದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ತೆಲಂಗಾಣದ ನೇನಾವತ್ ಬುಜ್ಜಿ ಪ್ರಕರಣದಲ್ಲಿ ಎಚ್ಚರಿಸಿದ್ದನ್ನು ಪ್ರತಿ ಅರ್ಜಿಯಲ್ಲೂ ನಾನು ಉಲ್ಲೇಖಿಸುತ್ತೇನೆ.

ಆಮೇಲೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹಾಕಿದ ಅರ್ಜಿಗೆ ತಾಯಿಯೇ ಅರ್ಜಿದಾರರು. ಹೇಬಿಯಸ್ ಕಾರ್ಪಸ್‌ಗೆ ಬಂಧಿತನೇ ಸಹಿ ಹಾಕಬೇಕೆಂದಿಲ್ಲ. ಹಣವಿಲ್ಲದವರು ಹೈಕೋರ್ಟಿನ ಕಾನೂನು ಸೇವಾ ಸಮಿತಿಯ ಮೂಲಕ ವಕೀಲರನ್ನು ಪಡೆಯಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರೂ ಬಂಧನದಲ್ಲಿರುವವರೂ ಆದಾಯ ಎಷ್ಟೇ ಇರಲಿ ಅರ್ಹರು.

ವಾದದ ದಿನ ಸರ್ಕಾರದ ಪರ ವಕೀಲರು ಕೇಸುಗಳ ಪಟ್ಟಿಯನ್ನೇ ಮುಂದಿಟ್ಟರು. ಅದಕ್ಕೆ ನನ್ನ ಉತ್ತರ 1960ರ ದಶಕದ್ದು. ರಾಮಮನೋಹರ ಲೋಹಿಯಾ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಮೂರು ವೃತ್ತಗಳನ್ನು ಕಲ್ಪಿಸಿದರು. ಹೊರಗಿನ ದೊಡ್ಡ ವೃತ್ತ ಕಾನೂನು ಮತ್ತು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಎಲ್ಲಕ್ಕಿಂತ ಒಳಗೆ ರಾಜ್ಯದ ಭದ್ರತೆ. ಹೊರವೃತ್ತಕ್ಕೆ ಧಕ್ಕೆ ತಂದ ಪ್ರತಿಯೊಂದು ಕೃತ್ಯವೂ ಒಳವೃತ್ತವನ್ನು ಮುಟ್ಟುವುದಿಲ್ಲ. ನೀರಿನ ನಳದ ಸರದಿಗೆ ಇಬ್ಬರು ಹೊಡೆದಾಡಿದರೆ ಅದು ಅಪರಾಧ, ಅದಕ್ಕೆ ಕೋರ್ಟಿದೆ, ಶಿಕ್ಷೆಯಿದೆ. ಆ ಹೊಡೆದಾಟದಿಂದ ಇಡೀ ಊರು ಬಾಗಿಲು ಹಾಕಿಕೊಂಡಿತೇ? ಅಂಗಡಿ, ಶಾಲೆ, ಸಂತೆ ನಿಂತವೇ? ಕಡತದಲ್ಲಿ ಹಾಗೆ ಹೇಳಿದ ಒಂದು ಹೇಳಿಕೆಯೂ ಇರಲಿಲ್ಲ. ಮಾಮೂಲಿ ಕಾನೂನು ಸಾಕಾಗುವ ಕಡೆ ಮುಂಜಾಗ್ರತಾ ಬಂಧನ ತರಬಾರದು ಎಂಬ 2011ರ ರೇಖಾ ಪ್ರಕರಣದ ಮಾತನ್ನೂ ಸೇರಿಸಿದೆ. ಅವನು ಜಾಮೀನು ದುರುಪಯೋಗ ಮಾಡಿದ್ದರೆ ಪೊಲೀಸರು ಜಾಮೀನು ರದ್ದತಿ ಕೇಳಬಹುದಿತ್ತು. ಒಮ್ಮೆಯೂ ಕೇಳಿರಲಿಲ್ಲ.

ಪೀಠದ ಗಮನ ಹೆಚ್ಚು ನಿಂತದ್ದು ತಾರೀಖಿನ ಹಾಳೆಯ ಮೇಲೆ. ಮೂಲ ಕಡತ ತರಿಸಿ ನೋಡಿದಾಗ ಮನವಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವ ನಡುವೆ ವಾರಗಟ್ಟಲೆ ಯಾವ ಟಿಪ್ಪಣಿಯೂ ಇಲ್ಲದೆ ಬಿದ್ದಿದ್ದು ಕಂಡಿತು. "ಕೆಲಸದ ಒತ್ತಡ", "ಅಭಿಪ್ರಾಯ ಕೇಳಲಾಗಿತ್ತು" ಎಂಬ ವಿವರಣೆ ಬಂತು. ಒಬ್ಬ ಮನುಷ್ಯ ಒಳಗಿರುವಾಗ ಕಾಗದ ಮಲಗಿದ್ದೇಕೆ ಎಂಬುದಕ್ಕೆ ಅದು ಉತ್ತರವಾಗಲಿಲ್ಲ. ಮನವಿಯ ವಿಳಂಬ, ಓದಲು ಬಾರದ ಪುಟಗಳು, ಕನ್ನಡ ಅನುವಾದವಿಲ್ಲದ ಜಾಮೀನು ಆದೇಶಗಳು, ಈ ಮೂರರ ಮೇಲೆ ಆದೇಶ ರದ್ದಾಯಿತು. ಸುವ್ಯವಸ್ಥೆಯ ಪ್ರಶ್ನೆಗೆ ಪೀಠ ಹೋಗಲಿಲ್ಲ. ಹೋಗಿದ್ದರೆ ಮುಂದಿನವರಿಗೆ ಇನ್ನಷ್ಟು ಬಲ ಸಿಗುತ್ತಿತ್ತು.

ಇಷ್ಟನ್ನಾದರೂ ಕೇಳುವ ಹಕ್ಕು ಸುಲಭವಾಗಿ ಉಳಿದದ್ದಲ್ಲ, ಅದರ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. 1975ರ ಜೂನಿನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ತುರ್ತುಪರಿಸ್ಥಿತಿಯಲ್ಲಿ ಹಿಡಿದು ಇಲ್ಲಿನ ಸೆಂಟ್ರಲ್ ಜೈಲಿನಲ್ಲಿಟ್ಟಾಗ ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ನಮ್ಮ ಹೈಕೋರ್ಟಿಗೇ ಬಂದವು. ಅರ್ಜಿಗಳನ್ನು ಕೇಳಬಹುದು ಎಂದು ಹೈಕೋರ್ಟ್ ಹೇಳಿತು. ದೇಶದ ಇತರ ಹಲವು ಹೈಕೋರ್ಟುಗಳೂ ಹಾಗೇ ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಡಿಎಂ ಜಬಲ್ಪುರ ಪ್ರಕರಣದಲ್ಲಿ 4:1ರಿಂದ ಅದನ್ನೆಲ್ಲ ಅಳಿಸಿಹಾಕಿತು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ಬಹುಮತದ ತೀರ್ಪನ್ನು ನೇರವಾಗಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು. ಆ ಪ್ರಕರಣದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಹೊಸದಾಗಿ ನನ್ನ ಕಚೇರಿಗೆ ಸೇರುವ ಕಿರಿಯರಿಗೆ ಮೊದಲು ಖನ್ನಾ ಅವರ ಭಿನ್ನಮತವನ್ನು ಓದಲು ಕೊಡುತ್ತೇನೆ, ಆಮೇಲೆ ತಾರೀಖಿನ ಹಾಳೆ ಮಾಡುವುದನ್ನು ಕಲಿಸುತ್ತೇನೆ.

ಹುಡುಗ ಹೊರಬಂದ. ಅಷ್ಟರಲ್ಲಿ ಕೆಲವು ತಿಂಗಳು ಒಳಗೇ ಕಳೆದಿದ್ದ, ಮತ್ತು ಆ ತಿಂಗಳುಗಳಿಗೆ ಯಾರೂ ಲೆಕ್ಕ ಕೊಡಲಿಲ್ಲ. ಎಪಿಎಂಸಿಯಲ್ಲಿ ಅವನ ಜಾಗಕ್ಕೆ ಬೇರೆಯವರು ಬಂದಿದ್ದರು. ಬಂಧನದ ಅವಧಿಯೇ ಹೆಚ್ಚೆಂದರೆ 12 ತಿಂಗಳಾದ್ದರಿಂದ, ಅರ್ಜಿ ಮುಂದೂಡಿಕೆಯಾದಷ್ಟೂ ಗೆದ್ದರೂ ಸಿಗುವುದು ಕಡಿಮೆ. ಅದಕ್ಕೇ ಈಗ ಅರ್ಜಿಯ ಜೊತೆಗೇ ಬೇಗ ವಿಚಾರಣೆಗೆ ತೆಗೆದುಕೊಳ್ಳಿ ಎಂದು ಮೆಮೊ ಹಾಕುತ್ತೇನೆ. ಮೊದಲ ದಿನವೇ ಮೂಲ ಕಡತವನ್ನೂ ಮನವಿ ಸಾಗಿದ ಪ್ರತಿ ಹಂತದ ತಾರೀಖಿನ ಅಫಿಡವಿಟ್ಟನ್ನೂ ತರಿಸಬೇಕೆಂದು ಕೇಳುತ್ತೇನೆ. ಬಹಳ ಸಲ ಆಕ್ಷೇಪಣೆ ಸಲ್ಲಿಸಲು ಎಂದು ಹೋಗುತ್ತಿದ್ದ ವಾರಗಳು ಇದರಿಂದ ಉಳಿದಿವೆ. ಅವನ ರೌಡಿ ಶೀಟ್ ಮಾತ್ರ ಇನ್ನೂ ಠಾಣೆಯಲ್ಲೇ ಇದೆ. ಅದನ್ನು ಮುಚ್ಚಬೇಕೆಂದು ಕೊಟ್ಟ ಅರ್ಜಿಗೆ ಉತ್ತರ ಬಂದಿಲ್ಲ, ಅದಕ್ಕಾಗಿ ಬೇರೆ ರಿಟ್ ಅರ್ಜಿ ಸಿದ್ಧಪಡಿಸುತ್ತಿದ್ದೇವೆ.