ಅಮೆರಿಕದಲ್ಲಿ ಕ್ಯಾನ್ಸರ್ ರೋಗಿಗೆ ನೆರವು: ಹಣ ಕೂಡಿಸುವ ಮೊದಲು ಮಾಡಬೇಕಾದ್ದು

ಪರಿಚಯದವರಿಗೆ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಕನ್ನಡ ಕೂಟದವರು ಆನ್‌ಲೈನ್‌ನಲ್ಲಿ ಹಣ ಕೂಡಿಸುವ ಗೋಫಂಡ್‌ಮಿ ಪುಟ ತೆರೆಯಲು ಓಡಾಡುತ್ತಾರೆ. ಸ್ವಲ್ಪ ತಡೆಯಿರಿ. ಲಾಭರಹಿತ ಆಸ್ಪತ್ರೆಗಳು ಆರ್ಥಿಕ ನೆರವಿನ ನೀತಿ ಇಟ್ಟುಕೊಳ್ಳಲೇಬೇಕು. ಇದು ಫೆಡರಲ್ ತೆರಿಗೆ ಕಾನೂನಿನ ಕಟ್ಟಳೆ. ಡಿಸ್ಚಾರ್ಜ್ ನಂತರದ ಮೊದಲ ಬಿಲ್‌ನಿಂದ 240 ದಿನಗಳವರೆಗೆ ಅರ್ಜಿ ಹಾಕಬಹುದು. ಇನ್ಶೂರೆನ್ಸ್ ಇದ್ದವರಿಗೂ ಅನೇಕ ಕಡೆ ರಿಯಾಯಿತಿ ಸಿಗುತ್ತದೆ. ಸಾಮಾನ್ಯವಾಗಿ ಕೇಳುವುದು ಪೇ ಸ್ಟಬ್, ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್. ಕೀಮೋದಿಂದ ಬಳಲಿದವರಿಗೆ ಇವನ್ನೆಲ್ಲ ಹುಡುಕಿ ಜೋಡಿಸುವ ತ್ರಾಣ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಕೂತು ಅರ್ಜಿ ತುಂಬಿಕೊಡಿ. ಎಷ್ಟೋ ಸಲ ನಾವು ಕೂಡಿಸುವ ಹಣಕ್ಕಿಂತ ಇದೇ ದೊಡ್ಡ ನೆರವು. ವೈದ್ಯರು ಬೇರೆಯಾಗಿ ಕಳಿಸುವ ಬಿಲ್ ಆ ನೀತಿಯೊಳಗೆ ಬರುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ; ಆ ಪಟ್ಟಿಯನ್ನು ಆಸ್ಪತ್ರೆಯೇ ಕೊಡಬೇಕು.

ಕೈಗೆ ಹಣ ಕೊಟ್ಟರೆ ಕೆಲವೊಮ್ಮೆ ತೊಂದರೆಯೇ ಆಗುತ್ತದೆ. ಎಸ್‌ಎಸ್‌ಐ (ಕಡಿಮೆ ಆದಾಯದ ವೃದ್ಧರಿಗೆ, ಅಂಗವಿಕಲರಿಗೆ ಸರ್ಕಾರ ಕೊಡುವ ಮಾಸಿಕ ನೆರವು) ಪಡೆಯುವ ಒಬ್ಬ ವ್ಯಕ್ತಿಯ ಬಳಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ದಾಟಿದರೆ ಆ ನೆರವು ನಿಲ್ಲುತ್ತದೆ, ಹಲವು ರಾಜ್ಯಗಳಲ್ಲಿ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗೂ ಕುತ್ತು. ಆಸ್ಪತ್ರೆಯ ಸೋಷಿಯಲ್ ವರ್ಕರ್ ಜೊತೆ ಮಾತಾಡದೆ ಯಾವ ಖಾತೆಗೂ ಹಣ ಹಾಕಬೇಡಿ. ಬಿಲ್ ಅನ್ನು ನೇರವಾಗಿ ಆಸ್ಪತ್ರೆಗೇ ಕಟ್ಟಿದರೆ, ಮೊತ್ತ ಎಷ್ಟೇ ಇರಲಿ, ನಿಮಗೆ ಗಿಫ್ಟ್ ಟ್ಯಾಕ್ಸ್ ಪ್ರಶ್ನೆ ಬರುವುದಿಲ್ಲ. ಆದರೆ ವ್ಯಕ್ತಿಗೆ ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿಯೂ ಇಲ್ಲ. ಅದು 501(ಸಿ)(3) ಎಂದು ಮಾನ್ಯತೆ ಪಡೆದ ದತ್ತಿ ಸಂಸ್ಥೆಗಳಿಗೆ ಕೊಟ್ಟಾಗ ಮಾತ್ರ. ಸಂಸ್ಥೆಯ ಹೆಸರನ್ನು ತೆರಿಗೆ ಇಲಾಖೆ ಐಆರ್‌ಎಸ್‌ನ ಜಾಲತಾಣದಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಿ.

ಹೆಚ್ಚಾಗಿ ನಮ್ಮವರೇ ಕೊಡಬಲ್ಲದ್ದೊಂದಿದೆ: ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶ. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ರೋಗಿಗೆ ಕಸಿ ಮಾಡಲು ದಾನಿಯ ಎಚ್‌ಎಲ್‌ಎ, ಅಂದರೆ ಜೀವಕೋಶದ ಮೇಲಿನ ಗುರುತು, ಹೊಂದಬೇಕು, ಒಡಹುಟ್ಟಿದವರಲ್ಲೂ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆಯ ಹೊರಗೆ ಹುಡುಕುವಾಗ ಒಂದೇ ಮೂಲದ ಜನರಲ್ಲೇ ಸಿಗುವುದು ಹೆಚ್ಚು, ನೋಂದಣಿಯಲ್ಲಿ ಭಾರತೀಯರೋ ಕಡಿಮೆ. ಕಾಂಡಕೋಶ ದಾನಿಗಳ ನೋಂದಣಿ ಸಂಸ್ಥೆ ಎನ್‌ಎಂಡಿಪಿಯಲ್ಲಿ 18ರಿಂದ 40 ವಯಸ್ಸಿನವರು ಸೇರಬಹುದು; ಕಿಟ್ ಮನೆಗೇ ಬರುತ್ತದೆ, ಕೆನ್ನೆಯ ಒಳಗೆ ಸ್ವಾಬ್ ಉಜ್ಜಿ ಕಳಿಸಿದರೆ ಮುಗಿಯಿತು. ಕರೆ ಬಂದರೆ ಹೆಚ್ಚಿನ ದಾನ ತೋಳಿನ ರಕ್ತನಾಳದ ಮೂಲಕವೇ: ಕಾಂಡಕೋಶಗಳನ್ನು ಹೆಚ್ಚಿಸಲು 5 ದಿನ ಫಿಲ್ಗ್ರಾಸ್ಟಿಮ್ ಚುಚ್ಚುಮದ್ದು, ಜೊತೆಗೆ ಮೂಳೆ ನೋವು, ಕೊನೆಗೆ ಯಂತ್ರದ ಪಕ್ಕ ಕೆಲವು ಗಂಟೆ. ಎಡವುವುದು ಎರಡು ಕಡೆ. ಕೆಲಸ ಬದಲಿಸಿ ಊರು ಬಿಟ್ಟವರು ವಿಳಾಸ, ಫೋನ್ ತಿದ್ದಿಸುವುದಿಲ್ಲ. ಇನ್ನು ಕೆಲವರು ಮನೆಯ ಹಿರಿಯರು ಹೆದರಿದರೆಂದು ಹಿಂದೆ ಸರಿಯುತ್ತಾರೆ. ಕಸಿಗೆ ಮುನ್ನ ರೋಗಿಯ ಮಜ್ಜೆಯನ್ನು ಔಷಧಿಯಿಂದ ನಾಶಪಡಿಸಿರುತ್ತಾರೆ. ಆಗ ದಾನಿ ಹಿಂದೆ ಸರಿದರೆ ರೋಗಿಯ ಜೀವಕ್ಕೇ ಅಪಾಯ. ಹಿರಿಯರನ್ನು ಒಪ್ಪಿಸುವ ಮಾತು ಸ್ವಾಬ್‌ಗೆ ಮೊದಲೇ ಆಗಲಿ.

ಕ್ಯಾನ್ಸರ್ ರೋಗಿಗಳಿಗೆ ಬೇಕಾಗುವ ಇನ್ನೊಂದು ದಾನ ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಿಸುವ ಕಣ. ಅದು 5ರಿಂದ 7 ದಿನವಷ್ಟೇ ಉಳಿಯುವುದರಿಂದ ಬೇಡಿಕೆ ನಿಲ್ಲುವುದೇ ಇಲ್ಲ. ದಾನಕ್ಕೆ ಹೋಗುವ ಮುನ್ನ 48 ಗಂಟೆ ಆಸ್ಪಿರಿನ್ ಬೇಡ. ವೈದ್ಯರು ಬರೆದುಕೊಟ್ಟದ್ದಾದರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ನಮ್ಮವರು ರಕ್ತ ಕೊಡಲಾಗದೆ ವಾಪಸಾಗುವುದು ಹೆಚ್ಚಾಗಿ ಮಲೇರಿಯಾ ನಿಯಮದಿಂದ: ಭಾರತದಿಂದ ಹೊಸದಾಗಿ ಬಂದವರಿಗೆ 3 ವರ್ಷ, ಇಲ್ಲೇ ನೆಲೆಸಿದವರು ಮಲೇರಿಯಾ ಪ್ರದೇಶಕ್ಕೆ ಹೋಗಿಬಂದರೆ 3 ತಿಂಗಳು ಕಾಯಿಸುವುದು ರೆಡ್ ಕ್ರಾಸ್ ರೂಢಿ. ನಿಯಮ ಬದಲಾಗುವುದುಂಟು, ಫೋನ್ ಮಾಡಿ ಕೇಳಿ. ಊರಿಗೆ ಹೊರಡುವವರು ವಿಮಾನ ಹತ್ತುವ ಮೊದಲೇ ಕೊಟ್ಟು ಹೋಗಿ.

ರಕ್ತ ಕೊಡಲಾಗದವರು ಕಾರು ಕೊಡಿ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ರೋಡ್ ಟು ರಿಕವರಿ ಯೋಜನೆ ರೋಗಿಗಳನ್ನು ಚಿಕಿತ್ಸೆಗೆ ಕರೆದೊಯ್ಯುವ ಚಾಲಕರನ್ನು ಹುಡುಕುತ್ತಲೇ ಇರುತ್ತದೆ. ಲೈಸೆನ್ಸ್, ವಿಮೆ ಇರುವ ಕಾರು, ಹಿನ್ನೆಲೆ ತಪಾಸಣೆ, ಸ್ವಲ್ಪ ತರಬೇತಿ ಬೇಕು. ರೇಡಿಯೇಷನ್ ವಾರಕ್ಕೆ 5 ದಿನ, ಹಲವು ವಾರ ನಡೆಯುವುದುಂಟು. ವಾರಕ್ಕೊಂದು ಮಂಗಳವಾರ ನಿಮ್ಮದಾದರೂ ಅವರ ಮನೆಯವರು ಅಂದು ರಜೆ ಹಾಕಬೇಕಿಲ್ಲ.