ಮೊದಲು ಆಸ್ಪತ್ರೆ, ಆಮೇಲೆ ಉಳಿದದ್ದು

ಚೂಡಿದಾರ್ ಆಗಲೇ ಸರ್ಫಿನ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಪಕ್ಕದ ಚಾಳಿನ ಅಕ್ಕ ರಾತ್ರಿ ಹನ್ನೊಂದಕ್ಕೆ ನನ್ನ ಬಾಗಿಲು ಬಡಿಯುವ ಹೊತ್ತಿಗೆ, ತನ್ನ ತಂಗಿಯ ಮಗಳಿಗೆ ಬಿಸಿನೀರು ಹುಯ್ದು, ತಲೆ ಒರೆಸಿ, ಹಾಲು ಕುಡಿಸಿ ಮುಗಿಸಿದ್ದಳು. ಪ್ರೀತಿಯಿಂದಲೇ ಮಾಡಿದ್ದು. ನಾನು ಮುಂಬಯಿಯ ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾದವಳು. ಭಾಂಡುಪಿನ ನಮ್ಮ ಕನ್ನಡದ ಮನೆಗಳಲ್ಲಿ ಅತ್ಯಾಚಾರದಂಥದ್ದು ನಡೆದರೆ ಪೊಲೀಸರಿಗಿಂತ ಮೊದಲು ನನ್ನನ್ನು ಕರೆಯುತ್ತಾರೆ. ಅದಕ್ಕೇ ಯಾವುದು ಮೊದಲು, ಯಾವುದು ಆಮೇಲೆ ಅಂತ ಬರೆದಿಡುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ನಿಮ್ಮ ನಾಲಿಗೆ ಹಿಡಿದುಕೊಳ್ಳಿ. ‘ಅಷ್ಟೊತ್ತಿಗೆ ಅಲ್ಲಿಗೆ ಯಾಕೆ ಹೋದೆ’ ಎಂಬ ಮಾತು ಬಾಯಿಗೆ ಬಂದರೂ ನುಂಗಿ. ಸರ್ವಿಸಿನ ಶುರುವಿನಲ್ಲಿ ನಾನೇ ಒಬ್ಬಳಿಗೆ ‘ಮರೆತುಬಿಡು ತಂಗಿ’ ಅಂದಿದ್ದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು, ಮತ್ತೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಈಗ ಕೇಳುವುದು ಇಷ್ಟೇ: ‘ಹೇಳಿದ್ದು ಒಳ್ಳೇದಾಯ್ತು. ನಿನ್ನ ತಪ್ಪಲ್ಲ. ಎಲ್ಲಾದರೂ ನೋವಿದೆಯಾ?’ ನಡೆದದ್ದನ್ನೆಲ್ಲ ಬಿಡಿಸಿ ಹೇಳು ಎನ್ನಬೇಡಿ. ಅದನ್ನು ಅವಳು ಮುಂದೆ ಎಷ್ಟೋ ಜನರಿಗೆ ಹೇಳಬೇಕಿದೆ.

ಆಮೇಲೆ ಸೀದಾ ಆಸ್ಪತ್ರೆ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಾಗದ ತರದೆ ಮುಟ್ಟುವುದಿಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸರ್ಕಾರಿ ಇರಲಿ, ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು ಹೇಳುತ್ತದೆ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯವರ ಕೆಲಸ. ಗರ್ಭ ತಡೆಯುವ ಮಾತ್ರೆಯನ್ನೂ ಎಚ್‌ಐವಿ ತಡೆಯುವ ಔಷಧಿಯನ್ನೂ 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಅಷ್ಟು ಒಳ್ಳೆಯದು. ಎಚ್‌ಐವಿ ಔಷಧಿ 28 ದಿನದ್ದು. ಹೊಟ್ಟೆ ತೊಳಸುತ್ತದೆ ಅಂತ ಹುಡುಗಿಯರು ನಡುವೆ ಬಿಟ್ಟುಬಿಡುತ್ತಾರೆ, ಮನೆಯವರು ಗಮನ ಇಡಬೇಕು.

ಸ್ನಾನ, ಬಟ್ಟೆ ಒಗೆಯುವುದು ಬೇಡ, ಪುರಾವೆ ತೊಳೆದುಹೋಗುತ್ತದೆ. ಆಗಿಹೋಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಆ ರಾತ್ರಿ ನಾವೂ ಚೂಡಿದಾರನ್ನು ನೀರಿನಿಂದ ತೆಗೆದು, ಹರವಿ ಒಣಗಿಸಿ, ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಂಡೇ ಹೋದೆವು. ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ. ಪಸೆ ಕೂತು ಬೂಸ್ಟು ಹಿಡಿದರೆ ಪುರಾವೆ ಹಾಳು. ತಪಾಸಣೆಯ ಪ್ರತಿ ಹಂತಕ್ಕೂ ಅವಳು ಹೂಂ ಅನ್ನಬೇಕು. ಚಿಕಿತ್ಸೆ ಪಡೆದು ತಪಾಸಣೆ ಬೇಡ ಅನ್ನುವ ಹಕ್ಕೂ ಅವಳದ್ದು. ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ಯನ್ನು ಮಾಡಲೇಕೂಡದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಇನ್ನೊಮ್ಮೆ ಕಟ್ಟುನಿಟ್ಟಾಗಿ ಹೇಳಿದೆ. ವರದಿಯ ನಕಲು ಕೇಳಿ ತೆಗೆದುಕೊಳ್ಳಿ, ಅದಕ್ಕೆ ದುಡ್ಡಿಲ್ಲ.

ನಡೆದದ್ದನ್ನು ಕಾಗದದಲ್ಲಿ ಬರೆಸಿಕೊಳ್ಳಿ ಅಂತ ನಾನು ಹಟ ಮಾಡುವುದಕ್ಕೆ ಕಾರಣವಿದೆ. ನಾನು ಹೊನ್ನಾವರದ ಕಡೆಯವಳು. ಅಲ್ಲೇ ಹಳದೀಪುರದಿಂದ ಮುಂಬಯಿಗೆ ಬಂದು ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ವಾರ್ಡ್‌ಬಾಯ್ ಒಬ್ಬ ಎರಗಿದ. ಅವನಿಗೆ ಶಿಕ್ಷೆಯಾದದ್ದು ಹಲ್ಲೆಗೆ, ದರೋಡೆಗೆ. ಲೈಂಗಿಕ ದೌರ್ಜನ್ಯದ ಆರೋಪ ಕೋರ್ಟಿನ ಕಾಗದಕ್ಕೆ ಬರಲೇ ಇಲ್ಲ. ಅವನು ಏಳು ವರ್ಷಕ್ಕೆ ಹೊರಗೆ ಬಂದ. ಅರುಣಾ 2015ರವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು.

ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಿಂದ, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ ‘ದಿಲಾಸಾ’ ಕೇಂದ್ರವಿದೆ. ಮುನಿಸಿಪಾಲಿಟಿಯೂ ಸೆಹತ್ ಸಂಸ್ಥೆಯೂ ಸೇರಿ ಶುರುಮಾಡಿದ್ದು. ಈಗ ಬೇರೆ ಮುನಿಸಿಪಾಲಿಟಿ ಆಸ್ಪತ್ರೆಗಳಲ್ಲೂ ಇದೆ. ಗಂಡನ ಹೊಡೆತ ತಿಂದು ‘ಬಚ್ಚಲಲ್ಲಿ ಜಾರಿಬಿದ್ದೆ’ ಎನ್ನುವವರನ್ನೂ ಅಲ್ಲಿಗೇ ಕರೆದೊಯ್ಯಿರಿ. ಮಾತಾಡಿಸುವವರು ಸಿಗುತ್ತಾರೆ, ಅವಸರ ಮಾಡುವುದಿಲ್ಲ.

ಇನ್ನು ಪೊಲೀಸ್. ತುರ್ತಿಗೆ 112, ಹೆಂಗಸರ ಸಹಾಯವಾಣಿ 181. ಘಟನೆ ನಡೆದದ್ದು ವಾಶಿಯಲ್ಲಾದರೂ ಭಾಂಡುಪಿನಲ್ಲೇ ದೂರು ಕೊಡಬಹುದು. ಅದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ‘ನಮ್ಮ ಹದ್ದಿಯಲ್ಲಿ ಬರೋದಿಲ್ಲ’ ಎಂಬ ಉತ್ತರಕ್ಕೆ ಏಳಬೇಡಿ, ಕುರ್ಚಿಯಲ್ಲೇ ಕೂತಿರಿ. ಅತ್ಯಾಚಾರದ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಮನೆಗೆ ಬಂದು ಬರೆದುಕೊಳ್ಳಿ ಎಂದೂ ಕೇಳಬಹುದು. ಊರಿಂದ ಹೊಸದಾಗಿ ಬಂದ ಹುಡುಗಿಯರು ಮರಾಠಿಯಲ್ಲಿ ಬರೆದದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಹಾಗೆ ಮಾಡಬೇಡಿ. ಮರಾಠಿ ಓದುವ ಒಬ್ಬರು ಸಾಲುಸಾಲಾಗಿ ಕನ್ನಡದಲ್ಲಿ ಹೇಳಲಿ, ತಪ್ಪಿದ್ದರೆ ತಿದ್ದಿಸಿ, ಆಮೇಲೆ ಸಹಿ. ಎಫ್‌ಐಆರ್ ನಕಲು ಪುಕ್ಕಟೆ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.

ಹದಿನೆಂಟರ ಕೆಳಗಿನವರಾದರೆ ಲೆಕ್ಕ ಬೇರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯಡಿ ಗೊತ್ತಾದವರು ತಿಳಿಸಲೇಬೇಕು. ಆದ್ದರಿಂದ ಮಗುವಿಗೆ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೇನೆ’ ಅನ್ನಿ. ಮಕ್ಕಳ ಸಹಾಯವಾಣಿಯ ನಂಬರು 1098. ಗಂಡುಮಕ್ಕಳಿಗೂ ಇದೇ ಕಾಯ್ದೆ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಗಳಿಂದ ಹೋಟೆಲಿಗೆ ಬಂದು ಮಾಳಿಗೆಯಲ್ಲಿ ಹತ್ತು ಜನರ ಜೊತೆ ಮಲಗಿದ ಹುಡುಗರ ಕಥೆ ಯಾರೂ ಕೇಳಿಲ್ಲ. ಅರವತ್ತು ದಾಟಿದ ಒಬ್ಬರು ಬಿಪಿ ನೋಡಿಸಿಕೊಳ್ಳಲು ಬಂದು, ಪಟ್ಟಿ ಬಿಚ್ಚುವ ಹೊತ್ತಿಗೆ ತಮ್ಮ ಹನ್ನೆರಡನೇ ವರ್ಷದ ರಾತ್ರಿಯೊಂದನ್ನು ನನಗೆ ಹೇಳಿದರು. ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲವಂತೆ.

ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಒಂದಕ್ಷರವೂ ಹೋಗಕೂಡದು. ಹೆಸರಷ್ಟೇ ಅಲ್ಲ, ಗುರುತು ಹತ್ತುವ ಯಾವ ವಿವರ ಹರಡಿದರೂ ಅಪರಾಧ.

ಕೊನೆಗೊಂದು, ಯಾವ ಕಾನೂನಿನಲ್ಲೂ ಬರೆಯದ ಮಾತು. ಆಸ್ಪತ್ರೆಯವರು ಬಟ್ಟೆಯನ್ನು ಪುರಾವೆಗೆ ಇಟ್ಟುಕೊಂಡರೆ ಹುಡುಗಿ ಏನುಟ್ಟು ಮನೆಗೆ ಬರಬೇಕು? ಅದಕ್ಕೆ ನನ್ನ ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ಸದಾ ತೂಗುತ್ತಿರುತ್ತದೆ: ಸಡಿಲವಾದ ನೈಟಿ, ಒಳಬಟ್ಟೆ, ಚಪ್ಪಲಿ, ಪ್ಯಾಡು, ಹಳೆ ಪೇಪರು, ಗ್ಲೂಕೋಸ್ ಬಿಸ್ಕತ್ತು, ರಿಕ್ಷಾಕ್ಕೆ ಚಿಲ್ಲರೆ. ನೈಟಿ ಹೋದರೆ ಮರುದಿನವೇ ಇನ್ನೊಂದು ತಂದಿಡುತ್ತೇನೆ.