ಟೊಮ್ಯಾಟೊ ಬಾಕ್ಸಿನಲ್ಲಿ ಆರಡಿ ಚಿತ್ರ: ಕೋಲಾರದಿಂದ ಮುಂಬೈಗೆ

ಈ ಜುಲೈಯಲ್ಲಿ ಮುಂಬೈನ ಕಾಲಾ ಘೋಡಾ ಕಡೆ ಒಂದು ಹಾಲ್‌ನಲ್ಲಿ ನಮ್ಮ ಒಂಬತ್ತು ಜನರ ಗುಂಪು ಪ್ರದರ್ಶನ ಇತ್ತು. ನನ್ನದು 6 ಅಡಿ ಅಗಲ, ಹತ್ತಿರ ಹತ್ತಿರ 3 ಅಡಿ ಎತ್ತರದ ಚಿತ್ರ. ಅದು ಹನ್ನೆರಡು ತುಂಡಾಗಿ ಕೋಲಾರದಿಂದ ಹೋಗಿದ್ದು ಟೊಮ್ಯಾಟೊ ಬಾಕ್ಸಿನಲ್ಲಿ. ಆರು ದಿನ ಗೋಡೆ ಮೇಲಿತ್ತು, ಒಂದು ಗೀರೂ ಬೀಳದೆ ವಾಪಸ್ ಬಂತು. "ತುಂಡು ಮಾಡಿದ್ರೆ ಅದು ಚಿತ್ರ ಅಲ್ಲ ಕಣಣ್ಣ, ಬಾತ್‌ರೂಮ್ ಟೈಲ್ಸು" ಅಂತ ನಕ್ಕಿದ್ದ ನಮ್ಮ ಕಲಾವಿದರ ಬಳಗದವರೇ ಈಗ ಅಳತೆ ಕೇಳ್ತಿದ್ದಾರೆ. ಅದಕ್ಕೇ ಬರೀತಿದ್ದೀನಿ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ. ನಾಲ್ಕು ವರ್ಷದ ಹಿಂದೆ ಹೈದರಾಬಾದಿಗೆ ಐದಡಿ ಕ್ಯಾನ್ವಾಸ್ ಕಳಿಸಿದೆ. ಮರದ ಪೆಟ್ಟಿಗೆಗೆ 3,800 ರೂಪಾಯಿ. ಲಾರಿ ಟ್ರಾನ್ಸ್‌ಪೋರ್ಟಿಗೆ ಹೋಗಿಬರುವುದು ಸೇರಿ ಐದೂವರೆ ಸಾವಿರ. ಪೆಟ್ಟಿಗೆ ತೆಗೆದರೆ ಫ್ರೇಮಿನ ಮೂಲೆ ಬಿಟ್ಟಿದೆ, ಕ್ಯಾನ್ವಾಸಿಗೆ ಬೆರಳು ತೂರುವಷ್ಟು ತೂತು. ಯಾರನ್ನ ಕೇಳೋದು? ರಶೀದಿ ಹಿಂದೆ ಸಣ್ಣಕ್ಷರದಲ್ಲಿ ಎಲ್ಲಾ ಮೊದಲೇ ಬರೆದಿದ್ದರು.

ಮುಂದಿನ ಸಲ ಬುದ್ಧಿವಂತಿಕೆ ಮಾಡಿದೆ. ಬೋರ್‌ವೆಲ್ ಅಂಗಡಿಯಿಂದ ನಾಲ್ಕಿಂಚು ಪಿವಿಸಿ ಪೈಪು ತಂದು ಕ್ಯಾನ್ವಾಸ್ ಸುತ್ತಿ ತುರುಕಿದೆ. ಅದೂ ಬಣ್ಣದ ಮೈ ಒಳಗೆ ಮಾಡಿ! ಬಣ್ಣ ಹೊರಗೆ ಇರಬೇಕು, ಸುರುಳಿ ದಪ್ಪ ಇರಬೇಕು ಅಂತ ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಅವಸರ. ದಪ್ಪ ಬಣ್ಣ ಇದ್ದ ಕಡೆಯೆಲ್ಲ ಒಣಗಿದ ಕೆರೆಯಂಗಳದ ಹಾಗೆ ಬಿರುಕು. ಅಲ್ಲಿ ಹೋಗಿ ಮತ್ತೆ ಫ್ರೇಮಿಗೆ ಎಳೆದು ಪಿನ್ ಹೊಡೆಯುವಷ್ಟರಲ್ಲಿ ಉದ್ಘಾಟನೆ ಮುಗಿದು ಸಮೋಸಾನೂ ಖಾಲಿ.

ಬಾಕ್ಸಿನ ಯೋಚನೆ ಬಂದಿದ್ದು ನಮ್ಮ ಮಂಡಿಯಲ್ಲಿ. ಪಕ್ಕದ ಮನೆಯವರ ಟೆಂಪೋದಲ್ಲಿ ಬೆಳಗಿನ ಜಾವ ಹೋಗಿದ್ದೆ, ಸುಮ್ನೆ ಸ್ಕೆಚ್ ಮಾಡೋಕೆ. ಹದಿನೈದು ಕೆಜಿ ಹಣ್ಣು ತುಂಬಿದ ಬಾಕ್ಸನ್ನ ಹುಡುಗರು ಎಸೆದಂತೆ ಇಳಿಸ್ತಾರೆ, ಆಳೆತ್ತರ ಜೋಡಿಸ್ತಾರೆ. ಹಣ್ಣು ಜಜ್ಜುವುದಿಲ್ಲ. ಹಣ್ಣಿಗೇ ಏನೂ ಆಗದಿದ್ದರೆ ಪ್ಲೈವುಡ್‌ಗೆ ಏನಾಗುತ್ತೆ? ಚಿತ್ರವನ್ನೇ ಬಾಕ್ಸಿನ ಅಳತೆಗೆ ಮಾಡಿದರಾಯ್ತು ಅನ್ನಿಸಿತು. ಹನ್ನೆರಡು ಹಲಗೆ. ಅಡ್ಡಕ್ಕೆ ನಾಲ್ಕು, ಮೇಲಿಂದ ಕೆಳಕ್ಕೆ ಮೂರು.

ಮೊದಲ ಪೆಟ್ಟು ಅಳತೆಯಲ್ಲೇ ಬಿತ್ತು. ಬಾಕ್ಸಿನ ಬಾಯಿ ಅಳೆದೆ, ಹತ್ತೊಂಬತ್ತೂವರೆ ಇಂಚು ಬಂತು. ಅದೇ ಅಳತೆಗೆ 6 ಎಂಎಂ ಪ್ಲೈ ಕೊಯ್ಸಿದೆ. ತಂದು ಇಳಿಸಿದರೆ ತಳಕ್ಕೆ ನಾಲ್ಕು ಬೆರಳು ಇರುವಾಗಲೇ ಸಿಕ್ಕಿಕೊಂಡವು. ಬಾಕ್ಸು ಕೆಳಗೆ ಹೋದಂತೆ ಕಿರಿದಾಗುತ್ತೆ, ಖಾಲಿ ಬಾಕ್ಸು ಒಂದರೊಳಗೊಂದು ಕೂರಲಿ ಅಂತ. ಹುಟ್ಟಿದಾಗಿಂದ ನೋಡಿದ ಬಾಕ್ಸು, ಇದು ಹೊಳೆದಿರಲಿಲ್ಲ. ಕಾರ್ಪೆಂಟರ್ ಅಣ್ಣ, "ಇನ್ನೊಂದ್ಸಲ ಕೊಯ್ಯೋಕೆ ಇನ್ನೊಂದ್ಸಲ ಕಾಸು" ಅಂದರು. ಕೊನೆಗೆ ನಿಂತಿದ್ದು 18 ಇಂಚು ಉದ್ದ, 11 ಇಂಚು ಎತ್ತರ. ನೀವು ಮಾಡುವುದಾದರೆ ತಳ ಅಳೆಯಿರಿ. ಬಾಕ್ಸಿಂದ ಬಾಕ್ಸಿಗೆ ಅರ್ಧ ಇಂಚು ವ್ಯತ್ಯಾಸ ಇರುತ್ತೆ.

ಹಲಗೆಗಳು ಒಂದಕ್ಕೊಂದು ತಾಗಬಾರದು. ಆಕ್ರಿಲಿಕ್ ಬಣ್ಣ ಒಣಗಿದ ಹಾಗೆ ಕಾಣುತ್ತೆ, ಸೆಕೆಗೆ ಮೆತ್ತಗಾಗಿ ಅಂಟಿಕೊಳ್ಳುತ್ತೆ. ಒಮ್ಮೆ ಬಬಲ್ ರ್‍ಯಾಪ್ ಸುತ್ತಿ ಬೇಸಿಗೆಯಲ್ಲಿ ಒಂದು ವಾರ ಇಟ್ಟಿದ್ದೆ. ಬಿಚ್ಚಿದರೆ ಆಕಾಶದ ತುಂಬಾ ದುಂಡು ದುಂಡು ಗುರುತು. ಥರ್ಮಕೋಲ್‌ನಲ್ಲಿ ಹಲಗೆ ನಿಲ್ಲುವ ಸೀಳು ಕೊರೆದೆ, ಪುಡಿ ಪುಡಿಯಾಗಿ ಬಣ್ಣಕ್ಕೆ ಮೆತ್ತಿಕೊಂಡಿತು. ಕೊನೆಗೆ ದಾರಿ ಸಿಕ್ಕಿದ್ದು ನಮ್ಮ ಮಾವನ ಮನೆ ಅಟ್ಟದಲ್ಲಿ. ರೇಷ್ಮೆ ಹುಳು ಗೂಡು ಕಟ್ಟೋಕೆ ಬಿಡುವ ಪ್ಲಾಸ್ಟಿಕ್ ನೇತ್ರಿಕೆ ನೋಡಿದ್ದೀರಲ್ಲ, ಮಡಿಕೆ ಮಡಿಕೆಯಾಗಿ ಅಂಕುಡೊಂಕಾಗಿ ಇರುತ್ತೆ? ಅದನ್ನ ಕತ್ತರಿಸಿ ಬಾಕ್ಸಿನ ತಳಕ್ಕೆ ತಂತಿಯಲ್ಲಿ ಕಟ್ಟಿದೆ. ಒಂದೊಂದು ಮಡಿಕೆಯಲ್ಲಿ ಒಂದೊಂದು ಹಲಗೆ, ತಟ್ಟೆ ಸ್ಟ್ಯಾಂಡಿನಲ್ಲಿ ತಟ್ಟೆ ನಿಂತ ಹಾಗೆ ನಿಂತಿತು. ಖರ್ಚು ಸೊನ್ನೆ. ಮಾವ ಮಾತ್ರ "ಬರೋ ಬೆಳೆಗೆ ವಾಪಸ್ ಬೇಕು" ಅಂದಿದ್ದಾರೆ. ಕತ್ತರಿಸಿದ್ದು ಇನ್ನೂ ಹೇಳಿಲ್ಲ.

ಜೋಡಿಸುವ ವಿಷಯ. ಹಾಲ್‌ನಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮೇಲಿನ ಪಟ್ಟಿಯಿಂದ ತಂತಿ ಇಳಿಬಿಟ್ಟು ತೂಗಬೇಕು. ಹನ್ನೆರಡು ಹಲಗೆಗೆ ಇಪ್ಪತ್ತನಾಲ್ಕು ತಂತಿ ಅಂದರೆ ಒಗೆದ ಬಟ್ಟೆ ಹರವಿದ ಹಾಗೆ. ಅದಕ್ಕೆ ಹಲಗೆಯ ಹಿಂದೆ ಸಣ್ಣ ಮರದ ತುಂಡು ಅಂಟಿಸಿ, ಅದರೊಳಗೆ ಬೋಲ್ಟ್ ಕೂರಿಸಿದೆ. ಅಲ್ಯೂಮಿನಿಯಂ ಪಟ್ಟಿ 17 ಇಂಚಿನ ತುಂಡುಗಳು, ಅವೂ ಬಾಕ್ಸಿಗೆ ಹಿಡಿಯಬೇಕಲ್ಲ. ಗೋಡೆಗೆ ಇಟ್ಟಿಗೆ ಇಡುವ ಹಾಗೆ ಜಾಯಿಂಟ್ ತಪ್ಪಿಸಿ ಪಟ್ಟಿ ಹಾಕಿ, ಚಿಟ್ಟೆ ನಟ್ಟು ಕೈಯಲ್ಲೇ ತಿರುಗಿಸಿದರೆ ಹನ್ನೆರಡೂ ಸೇರಿ ಒಂದೇ ಹಲಗೆ. ಎಲ್ಲಾ ಸೇರಿ ಒಂಬತ್ತು ಹತ್ತು ಕೆಜಿ. ಎರಡೇ ತಂತಿ ಸಾಕು. ಬೋಲ್ಟಿನ ತೂತು ಹನ್ನೆರಡಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲದೆ ಬರೋಕೆ ನಾನು ಏನು ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆರು ಹಲಗೆ ಹಾಳಾದ ಮೇಲೆ ಕಲಿತಿದ್ದು ಅದು.

ಟೈಲ್ಸ್ ಅಂದವರಿಗೆ ಉತ್ತರ ಚಿತ್ರದಲ್ಲೇ ಇತ್ತು. ಅಂತರಗಂಗೆ ಬೆಟ್ಟದ ಮೇಲಿಂದ ಕೆಳಗೆ ನೋಡಿದರೆ ಹೊಲ, ಬದು, ಕೆರೆ, ತೋಪು. ನಾನು ಬರೆದಿದ್ದು ಅದನ್ನೇ. ಹಲಗೆಗಳ ಸಂದು ಎಲ್ಲೆಲ್ಲಿ ಬರುತ್ತೋ ಅಲ್ಲಿ ಬದು ಬರುವ ಹಾಗೆ ಮೊದಲೇ ಪೆನ್ಸಿಲ್ ಗೆರೆ ಹಾಕಿಕೊಂಡಿದ್ದೆ. ಎಲ್ಲಾ ಸಂದಿಗೂ ಬದು ಹಾಕಿದರೆ ಚದುರಂಗದ ಹಾಸಿನ ಹಾಗಾಗುತ್ತೆ, ಅದಕ್ಕೆ ನಡುನಡುವೆ ಸಂದು ಇಲ್ಲದ ಕಡೆಯೂ ಬದು ಓಡಿಸಿದೆ. ಹತ್ತಡಿ ದೂರದಿಂದ ಯಾವುದು ಸಂದು, ಯಾವುದು ಬದು ಅಂತ ನನಗೇ ಗೊತ್ತಾಗಲ್ಲ. ಅಂಚಿಗೆ ಯಾವ ಬಣ್ಣ ಬಳಿದೆ ಅಂತ ಮಾತ್ರ ಕೇಳಬೇಡಿ.

ಮಣ್ಣಿನ ಹುಚ್ಚೂ ಇದರ ಜೊತೆಗೇ ಹತ್ತಿತ್ತು. ನಮ್ಮ ಕೆಮ್ಮಣ್ಣನ್ನೇ ಬಣ್ಣ ಮಾಡೋಣ ಅಂತ. ಬಕೆಟ್ ನೀರಲ್ಲಿ ಕದಡಿ, ಒಂದು ನಿಮಿಷ ಬಿಟ್ಟರೆ ಮರಳು ಕೆಳಗೆ ಕೂರುತ್ತೆ. ಮೇಲಿನ ಕೆಂಪು ನೀರು ಬೇರೆ ಬಕೆಟ್‌ಗೆ ಬಗ್ಗಿಸಬೇಕು. ಹೀಗೆ ಮೂರು ನಾಲ್ಕು ಸಲ. ಕೊನೆಗೆ ರಾತ್ರಿಯಿಡೀ ಬಿಟ್ಟರೆ ಬೆಣ್ಣೆಯಂಥ ಕೆಸರು ಸಿಗುತ್ತೆ. ಅರ್ಧ ಫೆವಿಕಾಲ್‌ನಲ್ಲಿ ಕಲಸಿದೆ, ಅರ್ಧ ಆಕ್ರಿಲಿಕ್ ಮೀಡಿಯಂನಲ್ಲಿ, ಅಂದರೆ ಆಕ್ರಿಲಿಕ್ ಬಣ್ಣಕ್ಕೆ ಬೆರೆಸುವ ಬಣ್ಣವಿಲ್ಲದ ದ್ರವದಲ್ಲಿ. ಕೋಲಾರದಲ್ಲಿ ಎರಡೂ ಒಂದೇ ಥರ ಕಂಡವು. ಕೆಜಿಎಫ್ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಬೂದು ಬಣ್ಣದ ಮೇಲೂ ಕಣ್ಣಿತ್ತು. 2001ರಲ್ಲಿ ಗಣಿ ಮುಚ್ಚಿದರೂ ಆ ದಿಬ್ಬಗಳು ಹಾಗೇ ನಿಂತಿವೆ. ಒಂದು ಚೀಲ ತಂದೆ. ಹಿತ್ತಲಲ್ಲಿ ಗಾಳಿಗೆ ಎದ್ದ ಧೂಳು ನೋಡಿ ಹೆಂಡತಿ, "ಅದು ಮನೆಯಲ್ಲಿರಬೇಕು, ಇಲ್ಲ ನಾನಿರಬೇಕು" ಅಂದಳು. ಸಂಜೆಯೇ ವಾಪಸ್ ಸುರಿದು ಬಂದೆ. ಅವಳು ಹೇಳಿದ್ದೇ ಸರಿ, ಅದು ಬಣ್ಣಕ್ಕೆ ಬಳಸುವ ಮಣ್ಣಲ್ಲ.

ಪ್ರಯಾಣ ಸಲೀಸು. ಒಂದು ಬಾಕ್ಸಿನಲ್ಲಿ ಹನ್ನೆರಡು ಹಲಗೆ, ಇನ್ನೊಂದರಲ್ಲಿ ಪಟ್ಟಿ, ನಟ್ಟು, ಆ ಕೆಮ್ಮಣ್ಣಿನಲ್ಲಿ ಬರೆದ ಏಳು ಸಣ್ಣ ಚಿತ್ರ, ಬಟ್ಟೆ. ಮಳೆಗಾಲ, ಬಾಕ್ಸಿಗೆ ಸುತ್ತಲೂ ಕಿಂಡಿ, ಅದಕ್ಕೆ ಒಳಗೆ ಟಾರ್ಪಾಲ್ ಹಾಸಿದ್ದೆ. ಬೆಂಗಳೂರು ಬಸ್ಸಿನಲ್ಲಿ ಕಂಡಕ್ಟರ್ ನೋಡಿದ ತಕ್ಷಣ, "ಯಾವ ತಳಿ? ಬಾಕ್ಸಿಗೆ ಎಷ್ಟು ಹೋಯ್ತು?" ಅಂದರು. ಚಿತ್ರ ಅಂದೆ. ನಂಬಲಿಲ್ಲ. ಲಗೇಜ್ ಟಿಕೆಟ್ ಹರಿದು ಕೊಟ್ಟರು, ಅರವತ್ತೋ ಎಪ್ಪತ್ತೋ. ಮೆಜೆಸ್ಟಿಕ್‌ನಲ್ಲಿ ಇಳಿದು ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್. ಸ್ಲೀಪರ್‌ನಲ್ಲಿ 40 ಕೆಜಿವರೆಗೆ ಲಗೇಜಿಗೆ ದುಡ್ಡಿಲ್ಲ, ನನ್ನದು ಎರಡೂ ಸೇರಿ ಇಪ್ಪತ್ತೆರಡು. ಸೀಟಿನ ಕೆಳಗೆ ಅಳತೆ ಮಾಡಿದ ಹಾಗೆ ಕೂತವು. ರಾಯಚೂರು, ಕಲಬುರಗಿ ದಾಟುವಾಗ ಒಬ್ಬರು ಅಜ್ಜ ಬಾಕ್ಸಿಗೆ ಕಾಲು ಒತ್ತಿಟ್ಟು ನಿದ್ದೆ ಹೊಡೆದರು. ಎಬ್ಬಿಸಲಿಲ್ಲ, ಇದೂ ಒಂದು ಪರೀಕ್ಷೆ ಅಂತ ಬಿಟ್ಟೆ. ಪಾಸಾಯ್ತು.

ಮಾರನೇ ರಾತ್ರಿ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದಾಗ ಜಡಿಮಳೆ. ಹತ್ತಿರದಲ್ಲೇ ಡಾರ್ಮಿಟರಿ, ದಿನಕ್ಕೆ ಆರುನೂರು. ಬೆಳಗ್ಗೆ ಬೇಗ ಎದ್ದು ಪಕ್ಕದಲ್ಲೇ ಇರುವ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಕಡೆ ಒಂದು ಸುತ್ತು ಹೋದೆ. 1857ರ ಸಂಸ್ಥೆ ಅದು. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರರು ಕಲಿತು, ಆಮೇಲೆ ಪಾಠ ಹೇಳಿದ ಜಾಗ. ಗೇಟಿನ ಹೊರಗೆ ಚಾ ಕುಡಿದು ಬಂದೆ, ಅಷ್ಟೇ. ಕಾಲಾ ಘೋಡಾ ಅಲ್ಲಿಂದ ನಡೆದೇ ಹೋಗಬಹುದು, ಆದರೆ ಮಳೆ, ಟ್ಯಾಕ್ಸಿ ಹಿಡಿದೆ. ಬ್ರಿಟಿಷ್ ದೊರೆ ಏಳನೇ ಎಡ್ವರ್ಡ್ ಕೂತಿದ್ದ ಕರಿ ಕುದುರೆ ಪ್ರತಿಮೆಯಿಂದ ಬಂದ ಹೆಸರು. ಅದನ್ನ 1965ರಲ್ಲಿ ಬೈಕುಲ್ಲಾ ಮೃಗಾಲಯಕ್ಕೆ ಸಾಗಿಸಿದರು. 2017ರಲ್ಲಿ ಬೇರೆ ಕುದುರೆ ನಿಲ್ಲಿಸಿದ್ದಾರೆ, ಸವಾರ ಇಲ್ಲ. ಡ್ರೈವರ್ ಇದನ್ನೆಲ್ಲ ಹೇಳಿ ಹತ್ತು ರೂಪಾಯಿ ಜಾಸ್ತಿ ಇಸ್ಕೊಂಡ.

ಹಾಲ್‌ನಲ್ಲಿ ಉಳಿದವರು ಪೆಟ್ಟಿಗೆಯ ಮೊಳೆ ಕೀಳ್ತಿದ್ದರು. ನಾನು ಬಾಕ್ಸು ಬಿಚ್ಚಿ, ನೆಲಕ್ಕೆ ಬೆಡ್‌ಶೀಟ್ ಹಾಸಿ, ಹಲಗೆ ಮಕಾಡೆ ಜೋಡಿಸಿದೆ. ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿದ್ದೆ, ಅದರ ಮೇಲೆ ವಾರ್ನಿಷ್ ಬಳಿಯುವಾಗ ಅರ್ಧ ಅಳಿಸಿತ್ತು. ಫೋನಿನಲ್ಲಿ ಫೋಟೋ ಇದ್ದಿದ್ದರಿಂದ ಬಚಾವ್. ಇನ್ನೊಂದು ಎಡವಟ್ಟು: ಕೆಳಸಾಲಿನ ಎರಡು ಹಲಗೆ ಸೇರಲೇ ಇಲ್ಲ. ಎರಡನೇ ಸಲ ಕೊಯ್ಸಿದಾಗ ಅವೆರಡರ ಒಂದೊಂದು ಅಂಚಿಗೆ ವಾರ್ನಿಷ್ ಬಿಟ್ಟುಹೋಗಿತ್ತು. ನಮ್ಮ ಒಣ ಹವೆಯಲ್ಲಿ ತಿಳಿಯಲಿಲ್ಲ, ಮುಂಬೈ ತೇವಕ್ಕೆ ಪ್ಲೈ ಉಬ್ಬಿತ್ತು. ಉಪ್ಪುಕಾಗದ ಹಾಕಿ ಉಜ್ಜಿ, ಬಣ್ಣ ಮುಟ್ಟಿಸಿ ಕೂರಿಸಿದೆ. ಇಷ್ಟೆಲ್ಲಾ ಆಗಿ ನಲವತ್ತು ನಿಮಿಷ. ಪಕ್ಕದ ನಾಸಿಕ್‌ನ ಕಲಾವಿದರು ತಮ್ಮ ಕೆಲಸ ಬಿಟ್ಟು ನಿಂತು ನೋಡಿದರು, ನೇತ್ರಿಕೆಯ ಫೋಟೋ ತೆಗೆದುಕೊಂಡರು.

ಎರಡನೇ ದಿನ ಫೆವಿಕಾಲ್ ಬಂಡವಾಳ ಬಯಲಾಯ್ತು. ಆ ಮಣ್ಣಿನ ಸಣ್ಣ ಚಿತ್ರಗಳು ಮುಟ್ಟಿದರೆ ಅಂಟಂಟು. ನಾಲ್ಕನ್ನ ಇಳಿಸಿಬಿಟ್ಟೆ. ಆಕ್ರಿಲಿಕ್ ಮೀಡಿಯಂನ ಮೂರು ಗಟ್ಟಿಯಾಗಿದ್ದವು, ಮೂರೂ ಮಾರಾಟ ಆದವು, ನಾಲ್ಕು ಸಾವಿರದಂತೆ. ದೊಡ್ಡದಕ್ಕೆ ಒಬ್ಬರು ಬಂದರು. ಕೆರೆ ಇರುವ ಎರಡು ಹಲಗೆ ಮಾತ್ರ ಬೇಕಂತೆ, ಬಿಚ್ಚಬಹುದಲ್ವಾ ಅಂತ. ನಟ್ಟು ತೋರಿಸಿ ಜಂಭ ಕೊಚ್ಚಿಕೊಂಡಿದ್ದು ನಾನೇ. ಆಗಲ್ಲ ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ, ಅವರು ಹೇಳಿದ ರೇಟು ಕಮ್ಮಿ ಏನಿರಲಿಲ್ಲ.

ಲೆಕ್ಕ ಹೇಳಿಬಿಡ್ತೀನಿ, ನೆನಪಿದ್ದಷ್ಟು. ಗುಂಪಿನ ಪಾಲು 7,500. ರೈಲು ಹೋಗಿಬರೋಕೆ ಸಾವಿರದ ಮೇಲೆ ಚಿಲ್ಲರೆ. ಡಾರ್ಮಿಟರಿ, ಊಟ ಸೇರಿ ಆರೂವರೆ ಏಳು ಸಾವಿರ. ಹಾಳಾಗಿದ್ದೂ ಸೇರಿ ಪ್ಲೈ, ಪಟ್ಟಿ, ನಟ್ಟು ಮೂರು ಸಾವಿರ. ಬಂದಿದ್ದು 12,000. ಆರು ಸಾವಿರ ಕೈಬಿಟ್ಟಿತು. ಆದರೆ ಸಾಗಾಟಕ್ಕೆ ಅಂತ ಹೋಗಿದ್ದು ಬಸ್ಸಿನ ಲಗೇಜು, ಟ್ಯಾಕ್ಸಿ ಸೇರಿ ಮುನ್ನೂರೋ ಏನೋ. ಹೈದರಾಬಾದಿಗೆ ಅದೇ ಒಂಬತ್ತು ಸಾವಿರ ಮುಟ್ಟಿತ್ತು.

ವಾಪಸ್ ಬಂದ ಮಾರನೇ ಬೆಳಗ್ಗೆ ಆರಕ್ಕೇ ಪಕ್ಕದ ಮನೆಯವರು ಬಾಗಿಲು ತಟ್ಟಿದರು. "ಅಣ್ಣ, ಬಾಕ್ಸ್ ಎರಡು ಕೊಡಿ, ಇವತ್ತು ಹಣ್ಣು ಕೀಳಬೇಕು, ರೇಟು ಎದ್ದಿದೆ." ಹಲಗೆಗಳನ್ನ ಮಂಚದ ಮೇಲೆ ಸಾಲಾಗಿ ಒರಗಿಸಿ, ತಂತಿ ಬಿಚ್ಚಿ ನೇತ್ರಿಕೆ ತೆಗೆದು ಕೊಟ್ಟೆ. ತಳದಲ್ಲಿ ಅಂಟಿದ್ದ ಕೆಂಪು ಬಣ್ಣ ಉಜ್ಜಿ ನೋಡಿ, "ಇದು ಹೋಗುತ್ತಾ?" ಅಂದರು.